ಎರಡು ಕಿಟಕಿ, ಒಂದು ಕುದುರೆ

ಕಂಪ್ಯೂಟರಿನಲ್ಲಿ ಒಂದೇ ಪುಟ ತೆರೆದಿಟ್ಟುಕೊಂಡು ಓದುವುದು ನನ್ನಿಂದ ಆಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಇರಲೇಬೇಕು. ಬದನೆಕಾಯಿ ಪಲ್ಯದ ಪುಟ ತೆರೆದರೆ ಅದೇ ಪಲ್ಯವನ್ನು ಇನ್ಯಾರೋ ಪುಣ್ಯಾತ್ಗಿತ್ತಿ ಬೇರೆ ಥರ ಮಾಡಿದ ಪುಟ ಮಗ್ಗುಲಲ್ಲಿ ಬೇಕು. ಸ್ಟಾಕ್‌ಹೋಮಿಗೆ ಅಂಟಿಕೊಂಡ ನಮ್ಮ ಸೋಲ್ನಾದ ಹವಾಮಾನ ನೋಡುವಾಗ ಹುಬ್ಬಳ್ಳಿಯ ಹವಾಮಾನ ಜೊತೆಗಿರಬೇಕು. ಅಲ್ಲಿ ಜನ ಸೆಕೆಯಲ್ಲಿ ಬೇಯುತ್ತಿದ್ದಾರೆಂದು ತಿಳಿದರೆ ಇಲ್ಲಿ ನಿನ್ನ ಕಾಲಿನ ಚಳಿ ಕಡಿಮೆಯಾಗುತ್ತದೆಯೇ ಎಂದು ಕೇಳಬೇಡಿ. ಆಗುವುದಿಲ್ಲ. ಆದರೂ ನೋಡಬೇಕು.

"ಒಂದ ಮುಗಿಸಿ ಇನ್ನೊಂದ ತಗದ್ರ ಏನಾಗ್ತದ ನಿನಗ?" ಎಂದು ನಮ್ಮವರು ಆಗಾಗ ಕೇಳುತ್ತಾರೆ.

"ನೀವು ರೊಟ್ಟಿ ಎಲ್ಲಾ ತಿಂದ ಮುಗಿಸಿ, ಆಮ್ಯಾಲ ಪಲ್ಯಾ ತಿಂತೀರೇನ?" ಎಂದು ನಾನೂ ಕೇಳುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ನಿಜ ಹೇಳಬೇಕೆಂದರೆ ಈ ಚಟ ಹತ್ತಿಸಿದವರು ಅವರೇ. ಇದು ನಾವು ಸೋಲ್ನಾಕ್ಕೆ ಬಂದ ಹೊಸದರ ಮಾತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಅವರಿಗೆ ಆಫೀಸಿತ್ತು, ನನಗೆ ಅಡುಗೆಮನೆಯ ಕಿಟಕಿ ಇತ್ತು. ಆ ಕಿಟಕಿಯಿಂದ ಲೋಕಲ್ ರೈಲು ಕಾಣುತ್ತಿತ್ತು. ರೈಲು ಸರಿಯಾದ ಹೊತ್ತಿಗೆ ಬರುತ್ತಿತ್ತು, ಸರಿಯಾದ ಹೊತ್ತಿಗೆ ಹೋಗುತ್ತಿತ್ತು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ಹೆಂಗಸಿಗೆ ಅದರಲ್ಲಿ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ವೀಣಾ ಅಂತ ಇದ್ದರು. ಬಸವನಗುಡಿಯವರು. ಗಂಡ ಹೆಂಡತಿ ಇಬ್ಬರೂ ಎಂಜಿನಿಯರುಗಳು, ವರ್ಷದ ಕೂಸನ್ನು ಎತ್ತಿಕೊಂಡು ಸ್ವೀಡನ್ನಿಗೆ ಬಂದವರು. ಆ ಕೂಸು ಸಹನಾ ಆಗ ಹದಿಮೂರರ ಹುಡುಗಿ. ಸ್ಕೂಲಿನಲ್ಲಿ ಅವಳು ಸನ್ನಾ. ಅದು ಇಲ್ಲಿನವರ ಹೆಸರೂ ಹೌದಾದ್ದರಿಂದ ಯಾರಿಗೂ ಕಷ್ಟವಿರಲಿಲ್ಲ. ಒಂದು ದಿನ ವೀಣಾ ಲಿಫ್ಟಿನಲ್ಲಿ ಸಿಕ್ಕಿ ನನ್ನ ಕೈ ಹಿಡಿದುಕೊಂಡರು.

"ಸುಮಂಗಲಾ, ನೀವು ಟೀಚರ್ ಆಗ್ತೀರಾ? ಕಮ್ಯೂನ್‌ನಲ್ಲಿ ವಿಚಾರಿಸಿದೆ. ಐದು ಮಕ್ಕಳು, ಒಬ್ಬರು ಟೀಚರ್ ಇದ್ರೆ ಸ್ಕೂಲಲ್ಲೇ ಕನ್ನಡ ಕ್ಲಾಸ್ ಮಾಡ್ತಾರಂತೆ. ಸಂಬಳಾನೂ ಅವರೇ ಕೊಡ್ತಾರೆ."

ಕಮ್ಯೂನ್ ಅಂದರೆ ನಮ್ಮ ನಗರಸಭೆ ಇದ್ದಹಾಗೆ. ಮಕ್ಕಳಿಗೆ ಮನೆಮಾತು ಕಲಿಸುವ ಜವಾಬ್ದಾರಿಯನ್ನೂ ತಲೆ ಮೇಲೆ ಹೊತ್ತ ನಗರಸಭೆಯನ್ನು ನಾನು ಕಂಡಿರಲಿಲ್ಲ. ಹುಬ್ಬಳ್ಳಿಯ ಪಾಲಿಕೆ ನಲ್ಲಿಯಲ್ಲಿ ನೀರು ಬಿಟ್ಟರೇ ನಾವು ಕೃತಜ್ಞರಾಗಿರುತ್ತಿದ್ದೆವು.

"ನಾನೆಂಥ ಟೀಚರ್ ರೀ? ಜೀವನದಾಗ ಯಾರಿಗೂ ಏನೂ ಕಲಿಸಿಲ್ಲ," ಎಂದೆ.

"ಕನ್ನಡ ಮಾತಾಡ್ತೀರಲ್ಲ, ಸಾಕು. ನಮಗ್ಯಾರಿಗೂ ಟೈಮಿಲ್ಲ."

ಹೀಗೆ ನಾನು ಟೀಚರಾದೆ. ಗುರುವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಲೈಬ್ರರಿಯ ಒಂದು ಮೂಲೆ ನಮ್ಮದು. ನಾಲ್ಕು ಚಿಕ್ಕ ಮಕ್ಕಳು ತಾವಾಗಿ ಬಂದರು. ಐದನೆಯದಾಗಿ ಸಹನಾಳನ್ನು ಅವಳಮ್ಮ ಹೆಸರು ಹಚ್ಚಿ ಕಳಿಸಿದ್ದರು. ಅವಳು ಜಾಕೆಟ್ ಬಿಚ್ಚದೆ, ಬ್ಯಾಗು ಇಳಿಸದೆ, ಈಗ ಹೊರಟೆ ಅನ್ನುವವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಏನು ಕೇಳಿದರೂ ಸ್ವೀಡಿಷ್‌ನಲ್ಲಿ ಉತ್ತರ. ಅದೂ ಒಂದು ಪದ. ಆ ಪದ ಬಹುಮಟ್ಟಿಗೆ "ಇಲ್ಲ". ಇಲ್ಲಿ ಮಕ್ಕಳು ಮೇಷ್ಟ್ರುಗಳನ್ನು ಹೆಸರು ಹಿಡಿದೇ ಕರೆಯುವುದರಿಂದ ನಾನು ಅವಳಿಗೆ ಬರೀ ಸುಮಂಗಲಾ. ವೀಣಾ ಇದನ್ನು ಕೇಳಿ "ಆಂಟಿ ಅನ್ನೇ!" ಎಂದು ಗದರಿದಾಗಲೂ ಅವಳು "ಇಲ್ಲ" ಅಂದಿದ್ದಳು.

ಅವಳೊಬ್ಬಳು ಬಿಟ್ಟರೆ ಐದು ನಾಲ್ಕಾಗುತ್ತದೆ, ಕ್ಲಾಸು ಮುಚ್ಚುತ್ತದೆ, ನಾನು ಮತ್ತೆ ರೈಲು ನೋಡಬೇಕಾಗುತ್ತದೆ. ಇದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಅಂತ ನನ್ನ ಅನುಮಾನ.

ಪಾಠದ ಪುಸ್ತಕ ಇರಲಿಲ್ಲ. ಊರಿನಿಂದ ತರಿಸಲು ಹೇಳಿದ್ದೆ, ಬಂದಿರಲಿಲ್ಲ. ಆಗ ನಮ್ಮವರು ಒಂದು ಉಪಾಯ ಹೇಳಿದರು. ಅವರಿಗೆ ಆಗ ಹೊಸದೊಂದು ಬ್ರೌಸರಿನ ಹುಚ್ಚು. ಅದರಲ್ಲಿ ಪರದೆಯನ್ನು ಎರಡು ಭಾಗ ಮಾಡಿ, ಎಡಗಡೆಯ ಕಿಟಕಿಗೆ ಬಲಗಡೆಯದನ್ನು ಗಂಟು ಹಾಕಬಹುದಿತ್ತು. ಎಡಗಡೆ ಎಲ್ಲಿ ಒತ್ತಿದರೂ ಎಡಗಡೆಯ ಪುಟ ಕದಲುವುದಿಲ್ಲ, ಒತ್ತಿದ್ದು ಬಲಗಡೆ ತೆರೆದುಕೊಳ್ಳುತ್ತದೆ. ಬೇಕಾದರೆ ಅದಕ್ಕೆ ಮೂರನೆಯದನ್ನೂ ಕಟ್ಟಬಹುದು. "ಎಡಕ್ಕ ಸ್ವೀಡಿಷ್ ಇಡು, ಬಲಕ್ಕ ಕನ್ನಡ ಇಡು. ಹುಡುಗೂರು ತಾವಾ ಕಲೀತಾವ," ಎಂದು ಒಂದು ಸಿ.ಡಿ.ಯಲ್ಲಿ ಹಾಕಿಕೊಟ್ಟರು. ಲೈಬ್ರರಿಯ ಗುನಿಲ್ಲಾ ಸ್ಕೂಲಿನ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಒಪ್ಪಿಸಿ ಅದನ್ನು ಹಾಕಿಸಿಕೊಟ್ಟಳು.

ಬ್ರೌಸರಿಗೆ ಒಪ್ಪಿದ ಆ ಮನುಷ್ಯ ಕನ್ನಡ ಫಾಂಟಿಗೆ ಮಾತ್ರ ಒಪ್ಪಲಿಲ್ಲ. ಆಗ ಕಂಪ್ಯೂಟರಿಗೆ ಕನ್ನಡದ ಫಾಂಟನ್ನು ಬೇರೆಯಾಗಿ ಹಾಕಬೇಕಾಗುತ್ತಿತ್ತು. ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತಿದ್ದವು. ಮೊದಲ ದಿನ ನಾನು ಎಡಗಡೆ ಸ್ವೀಡಿಷ್ ಮಕ್ಕಳ ಪುಟ, ಬಲಗಡೆ ಕನ್ನಡದ ಪುಟ ತೆರೆದು ಹೆಮ್ಮೆಯಿಂದ ಪಕ್ಕಕ್ಕೆ ಸರಿದು ನಿಂತರೆ, ಬಲಗಡೆ ಮೇಲಿನಿಂದ ಕೆಳಗಿನವರೆಗೂ ಚೌಕ, ಚೌಕ, ಚೌಕ.

ಒಂದನೆಯ ಕ್ಲಾಸಿನ ನಿಖಿಲ್ ಕಣ್ಣರಳಿಸಿದ. "ಇದೇ ಕನ್ನಡನಾ?"

"ಅಲ್ಲಪ್ಪ, ಈ ಕಂಪ್ಯೂಟರಿಗೆ ಕನ್ನಡ ಬರೋದಿಲ್ಲ ಅದಕ್ಕ ಹಂಗ ಬಂದದ," ಎಂದೆ.

ಮುಂದಿನ ಗುರುವಾರ ಅವನು ಹಾಳೆಯ ತುಂಬ ಸಾಲುಸಾಲಾಗಿ ಚೌಕ ಬಿಡಿಸಿಕೊಂಡು ಬಂದ. "ನಾನು ಕನ್ನಡದಲ್ಲಿ ಕಥೆ ಬರೆದಿದೀನಿ." ಅವನಷ್ಟು ಬೇಗ ಕನ್ನಡ ಬರೆಯಲು ಕಲಿತವರು ಯಾರೂ ಇರಲಾರರು. ಅವರಮ್ಮ ನನ್ನನ್ನು ನೋಡಿದ ನೋಟ ಮಾತ್ರ ಅಷ್ಟು ಪ್ರೋತ್ಸಾಹಕರವಾಗಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಒಂದು ಗುರುವಾರ ಸಹನಾ ತಾನಾಗಿ ಎದ್ದು ಬಂದು ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ಎಡಗಡೆ ಒಂದು ಕುದುರೆ ಸವಾರಿ ಶಾಲೆಯ ಪುಟ ತೆರೆದಳು. ಅದರಲ್ಲೊಂದು ಕುದುರೆಯ ಚಿತ್ರ. ಮೈಯ ಒಂದೊಂದು ಭಾಗದ ಮೇಲೂ ಒತ್ತಲು ಬರುತ್ತಿತ್ತು. ಅವಳು ಶನಿವಾರ ಭಾನುವಾರ ಅಲ್ಲೇ ಬಿದ್ದಿರುತ್ತಾಳೆ ಅಂತ ವೀಣಾ ಹೇಳಿದ್ದರು. ಈ ದೇಶದ ಆ ವಯಸ್ಸಿನ ಹುಡುಗಿಯರಿಗೆ ಕುದುರೆ ಅಂದರೆ ಪ್ರಾಣ.

ಕಾಲಿನ ಕೆಳಗೆ ಒತ್ತಿದಳು. ಬಲಗಡೆ ಗೊರಸಿನ ದೊಡ್ಡ ಚಿತ್ರ ತೆರೆಯಿತು. ಸ್ವೀಡಿಷ್‌ನಲ್ಲಿ ಕೇಳಿದಳು, "ಇದಕ್ಕೆ ಕನ್ನಡದಲ್ಲಿ ಏನಂತಾರೆ?"

ಕೇಳಿದ ಧಾಟಿಯಲ್ಲೇ ತಿಳಿಯಿತು. ಇದು ಕಲಿಯುವ ಪ್ರಶ್ನೆಯಲ್ಲ, ನನ್ನನ್ನು ಸೋಲಿಸಿ ಮನೆಗೆ ಹೋಗುವ ಪ್ರಶ್ನೆ.

"ಗೊರಸು," ಎಂದೆ.

ಕುತ್ತಿಗೆಯ ಕೂದಲಿನ ಮೇಲೆ ಒತ್ತಿದಳು. "ಅಯಾಲು." ಬೆನ್ನಿನ ಮೇಲಿನ ಪೀಠ. "ಜೀನು." ಕಾಲಿಡುವ ಬಳೆ. "ರಿಕಾಪು." ಬಾಯೊಳಗಿನ ಕಬ್ಬಿಣ. "ಕಡಿವಾಣ." ಅವಳ ಬೆರಳು ನಿಧಾನವಾಯಿತು. ಕುದುರೆಯ ಕಾಲಿಗೆ ಕಬ್ಬಿಣ ಹೊಡೆಯುವವನ ಚಿತ್ರ ತೆರೆದಳು. "ಇವನು?"

"ನಾಲಬಂದ. ಅಂವ ಬಡಿಯೋದು ನಾಲ."

ಸಹನಾ ಬ್ಯಾಗು ಇಳಿಸಿದಳು. ಜಾಕೆಟ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಆಮೇಲೆ ಮೊದಲ ಸಲ ಕನ್ನಡದಲ್ಲಿ ಕೇಳಿದಳು: "ನಿನ್ಗೆ ಹೇಗೆ ಗೊತ್ತು?"

ಹೇಗೆ ಗೊತ್ತು ಅಂದರೆ ಟಾಂಗಾದಿಂದ. ನಮ್ಮ ಓಣಿಯ ತುದಿಯಲ್ಲಿ ಟಾಂಗಾ ಸ್ಟ್ಯಾಂಡಿತ್ತು. ಬೇವಿನ ಮರದ ಕೆಳಗೆ ನಾಲಬಂದ ಕೂರುತ್ತಿದ್ದ. ಓಣಿಯ ಮಕ್ಕಳನ್ನೆಲ್ಲ ಸಾಲೆಗೆ ಒಯ್ಯುವುದು ದಸ್ತಗೀರ್ ಚಾಚಾನ ಟಾಂಗಾ. ಹುಡುಗರು ಮುಂದೆ, ಹುಡುಗಿಯರು ಹಿಂದೆ. ಪಾಟೀಚೀಲಗಳು ಪಕ್ಕದ ಕೊಕ್ಕೆಗಳಲ್ಲಿ ಜೋತಾಡುತ್ತಿದ್ದವು. ಹಿಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ, ಕಾಲು ಇಳಿಬಿಟ್ಟು ಕೂತರೆ ದಾರಿ ನಮ್ಮಿಂದ ದೂರ ದೂರ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಕಾಣುತ್ತಿರಲಿಲ್ಲ, ಎಲ್ಲಿಂದ ಬಂದೆವು ಅಂತ ಮಾತ್ರ ಕಾಣುತ್ತಿತ್ತು. ಅದರಿಂದ ಯಾವ ತತ್ವಜ್ಞಾನವೂ ನನಗೆ ಹೊಳೆದಿಲ್ಲ, ಕತ್ತು ನೋಯುತ್ತಿತ್ತು ಅಷ್ಟೆ.

ಕುದುರೆಯ ಹೆಸರು ಚಾಂದನಿ. ದಾರಿಯಲ್ಲೊಂದು ಹಿಟ್ಟಿನ ಗಿರಣಿ. ಅಲ್ಲಿ ಯಾರೋ ಒಂದು ಕಾಲದಲ್ಲಿ ಅವಳಿಗೆ ಒಂದು ಮುಷ್ಟಿ ತೌಡು ತಿನ್ನಿಸಿದ್ದರು. ಅಲ್ಲಿಂದ ಮುಂದೆ ಗಿರಣಿಯ ಮುಂದೆ ಚಾಂದನಿ ನಿಲ್ಲದೆ ಹೋಗಿದ್ದೇ ಇಲ್ಲ. ಚಾಚಾ ಲಗಾಮು ಜಗ್ಗಲಿ, ಬೈಯಲಿ, ಬೇಡಿಕೊಳ್ಳಲಿ, ತೌಡು ಬರುವವರೆಗೆ ನಿಂತಿರುವುದೇ. "ಆಕಿ ಮಿನಿಸ್ಟರ್ ಇದ್ದಂಗ ಅದಾಳ್ರಿ. ಸನ್ಮಾನ ಆಗೂತನಕಾ ಮುಂದ ಹೋಗಂಗಿಲ್ಲ," ಎನ್ನುತ್ತಿದ್ದ ಚಾಚಾ. ಸಾಲೆಯಲ್ಲಿ ತಡವಾಗಿ ಬಂದವರು "ಗಿರಣಿ ಮುಂದ ಕುದರಿ ನಿಂತಿತ್ರಿ" ಎಂದರೆ ಮಾಸ್ತರರು ಮರುಮಾತಾಡದೆ ಒಳಗೆ ಬಿಡುತ್ತಿದ್ದರು. ನಮ್ಮಣ್ಣ ಸೈಕಲ್ ಕೊಂಡ ಮೇಲೂ ಎರಡು ವರ್ಷ ಇದೇ ಕಾರಣ ಹೇಳಿ ಒಳಗೆ ಹೋದ.

ಇದನ್ನೆಲ್ಲ ಸಹನಾಳಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ನಾಲಿಗೆಯ ಕಟ್ಟು ಸಡಿಲವಾಯಿತು. ಸ್ಟಾಕ್‌ಹೋಮಿನ ಕನ್ನಡಿಗರ ನಡುವೆ ನಾನು ಬೆಂಗಳೂರಿನ ಮಾತನ್ನು ಇಸ್ತ್ರಿ ಮಾಡಿ ತೊಟ್ಟುಕೊಳ್ಳುತ್ತಿದ್ದೆ. ನಡುನಡುವೆ ಮರೆತು ಸೆರಗು ಜಾರಿದ ಹಾಗೆ ಹುಬ್ಬಳ್ಳಿ ಇಣುಕುತ್ತಿತ್ತು. ಆವತ್ತು ಇಸ್ತ್ರಿ ಪೂರ್ತಿ ಮುರಿಯಿತು. ಕುದುರೆ ಹೋಗಿ "ಕುದರಿ" ಆಯಿತು. ಸಹನಾ ಕೇಳಿದಳು, "ನಿನಗೆ ರೈಡ್ ಮಾಡಕ್ಕೆ ಬರುತ್ತಾ?" ನಾನು ತಲೆಯನ್ನು ಹೌದು ಇಲ್ಲಗಳ ನಡುವೆ ಎಲ್ಲೋ ಅಲ್ಲಾಡಿಸಿ "ಕುದರಿ ಅಂದ್ರ ನನಗ ಭಾಳ ಪರಿಚಯ" ಎಂದೆ. ಪರಿಚಯ ಇದ್ದದ್ದು ಹಿಂದಿನ ಸೀಟಿನಿಂದ ಎಂಬುದನ್ನು ಒತ್ತಿ ಹೇಳಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಕ್ಲಾಸು ಕುದುರೆಯ ಮೇಲೆ ನಡೆಯಿತು. ಎಡಗಡೆ ಸವಾರಿ ಶಾಲೆಯ ಪುಟ, ಬಲಗಡೆ ಒತ್ತಿದ್ದರ ಚಿತ್ರ, ಮೂರನೆಯದರಲ್ಲಿ ಕನ್ನಡ ನಿಘಂಟಿನ ಚೌಕಗಳು. ಚೌಕಗಳಲ್ಲಿ ಏನಿದೆ ಅಂತ ನಾನು ಬಾಯಿಂದ ತುಂಬಬೇಕು. ಕುದುರೆ ಪುಟ್ಟಪುಟ್ಟ ಹೆಜ್ಜೆಯಲ್ಲಿ ಓಡಿದರೆ ಕುಕ್ಕುಲೋಟ, ಬಿಟ್ಟ ಬಾಣದ ಹಾಗೆ ಓಡಿದರೆ ನಾಗಾಲೋಟ. ಇದನ್ನು ಕುರ್ಚಿಯಲ್ಲಿ ಕೂತು ವಿವರಿಸಲು ಆಗುವುದಿಲ್ಲ. ಚಿಕ್ಕವರು ನಾಲ್ವರೂ ಪುಸ್ತಕದ ಕಪಾಟುಗಳ ನಡುವೆ ಮೊದಲು ಕುಕ್ಕುಲೋಟ, ಆಮೇಲೆ ನಾಗಾಲೋಟ ಓಡಿ ತೋರಿಸಿದರು. ಗುನಿಲ್ಲಾ ಬಂದು ಬಾಯಿಗೆ ಬೆರಳಿಟ್ಟು ನಿಂತಳು. ಹುರುಳಿ ಅಂದರೆ ಕುದುರೆಯ ತಿಂಡಿ ಎಂದು ಕಲಿತ ನಿಖಿಲ್, ಮನೆಯಲ್ಲಿ ಅವರಮ್ಮ ಹುರುಳಿ ಸಾರು ಬಡಿಸಿದಾಗ "ನಾನೇನು ಕುದರೀನಾ?" ಎಂದು ತಟ್ಟೆ ದೂಡಿದನಂತೆ.

ಸಹನಾ ಇನ್ನೂ ಮುಂದೆ ಹೋದಳು. ಮನೆಯಲ್ಲಿ ತನ್ನದೇ ಎರಡು ಪುಟ ಮಾಡಿದಳು. ಎಡಗಡೆ ತಾನೇ ಬಿಡಿಸಿದ ಕುದುರೆ. ಎಲ್ಲಿ ಒತ್ತಿದರೂ ಬಲಗಡೆ ಅದರ ಕನ್ನಡ ಹೆಸರು. ಕನ್ನಡ ಬರೆಯಲು ಬಾರದ್ದರಿಂದ ಸ್ವೀಡಿಷ್ ಅಕ್ಷರದಲ್ಲಿ. ಸ್ವೀಡಿಷ್‌ನಲ್ಲಿ ಎ ಅಕ್ಷರದ ತಲೆಯ ಮೇಲೆ ಒಂದು ಸೊನ್ನೆ ಕೂರಿಸಿದರೆ ಅದು ಓ ಆಗುತ್ತದೆ. ಕುಕ್ಕುಲೋಟದ ಲೋ, ನಾಗಾಲೋಟದ ಲೋ ಎರಡಕ್ಕೂ ಅದನ್ನೇ ಹಾಕಿದ್ದಳು. ಲೈಬ್ರರಿಯಲ್ಲಿ ತೆರೆದು ತೋರಿಸಿ "ಸ್ಪೆಲ್ಲಿಂಗ್ ಸರಿ ಇದೆಯಾ?" ಎಂದು ಕೇಳಿದಳು. ಚೌಕಗಳಿಲ್ಲದೆ ಆ ಪರದೆಯ ಮೇಲೆ ಕನ್ನಡ ಕಂಡದ್ದು ಅದೇ ಮೊದಲು. ನಾನು ಸರಿ ಇದೆ ಎಂದೆ.

ಯುಗಾದಿ ಬಂತು. ಕನ್ನಡದ ಮನೆಗಳವರು ಒಂದು ಹಾಲ್ ಹಿಡಿದು, ಮನೆಗೊಂದು ಅಡುಗೆ ಮಾಡಿಕೊಂಡು ಸೇರಿದ್ದೆವು. ಹೊರಗೆ ಬೀದಿಯಲ್ಲಿ ಚಳಿಗಾಲದಲ್ಲಿ ಕಾಲು ಜಾರದಿರಲೆಂದು ಸುರಿದ ಜಲ್ಲಿ ಇನ್ನೂ ಗುಡಿಸಿರಲಿಲ್ಲ. ಒಳಗೆ ಚಿತ್ರಾನ್ನದ ಪಾತ್ರೆಯ ಪಕ್ಕ ನಿಂತು ವೀಣಾ ನನ್ನನ್ನು ಕರೆದರು. ಜೊತೆಗೆ ನಿಖಿಲ್‌ನ ಅಮ್ಮನೂ ಇದ್ದರು.

"ಬೇಜಾರು ಮಾಡ್ಕೋಬೇಡಿ ಸುಮಂಗಲಾ. ನೀವು ತುಂಬಾ ಶ್ರಮ ತಗೋತಿದೀರ. ಆದ್ರೆ ನೋಡಿ, ನಿನ್ನೆ ಸಹನಾ ಫೋನಲ್ಲಿ ಅವರಜ್ಜಿ ಹತ್ರ 'ಕುದರಿಗೆ ನಾಲ ಬಡದಾರ' ಅಂದ್ಲು. ಅಜ್ಜಿಗೆ ಒಂದೂ ಅರ್ಥ ಆಗ್ಲಿಲ್ಲ. ನಗ್ತಾ ಇದ್ರು."

"ಲಾಳ ಅಂತಾರಲ್ವಾ?" ಎಂದರು ನಿಖಿಲ್‌ನ ಅಮ್ಮ.

"ನಿಮ್ಮ ಕಡೆ ಲಾಳ, ನಮ್ಮ ಕಡೆ ನಾಲ," ಎಂದೆ.

"ಅದೇ ನಾವು ಹೇಳೋದು. ಮಕ್ಕಳಿಗೆ ಕನ್‌ಫ್ಯೂಸ್ ಆಗುತ್ತೆ. ಸ್ಟ್ಯಾಂಡರ್ಡ್ ಕನ್ನಡ ಹೇಳಿಕೊಡಿ. ಊರಿಂದ ಪುಸ್ತಕಾನೂ ಬಂದಿದೆಯಲ್ಲ ಈಗ."

ಅವರು ಹೇಳಿದ್ದರಲ್ಲಿ ಒರಟುತನ ಇರಲಿಲ್ಲ. ತಟ್ಟೆಗೆ ಇನ್ನೊಂದು ಹೋಳಿಗೆಯನ್ನೂ ಹಾಕಿದರು. ನಾನು ಅದನ್ನು ತಿಂದೆ. ಮನೆಗೆ ಬಂದು ನಮ್ಮವರಿಗೆ ಹೇಳಿದಾಗ ಅವರು "ಹದಿಮೂರು ವರ್ಷದಾಗ ಆ ಹುಡುಗಿ ತಾನಾಗಿ ಅಜ್ಜಿ ಕೂಡ ಆಡಿದ್ದು ಅದೊಂದ ಮಾತೇನೋ. ಅದನ್ನೂ ತಿದ್ದತಾರ," ಎಂದರು. ನನಗೆ ಅದು ಆಗ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೋಳಿಗೆ ಬಾಯಲ್ಲಿಟ್ಟುಕೊಂಡು ಹೇಳಲು ಆಗುತ್ತಿರಲಿಲ್ಲ.

ಮುಂದಿನ ಗುರುವಾರ ಪುಸ್ತಕ ಹಿಡಿದುಕೊಂಡು ಹೋದೆ. "ಮಕ್ಕಳೇ, ಇವತ್ತು ನಾವು ಹಣ್ಣುಗಳ ಹೆಸರುಗಳನ್ನು ಕಲಿಯೋಣವೇ?" ಎಂದೆ. ನನ್ನ ಧ್ವನಿ ನನಗೇ ಆಕಾಶವಾಣಿಯಿಂದ ಬಂದ ಹಾಗೆ ಕೇಳಿಸಿತು. ಮಕ್ಕಳು ಹಣ್ಣುಗಳ ಹೆಸರು ಹೇಳಿದರು. ಕಂಪ್ಯೂಟರ್ ಮುಚ್ಚಿಯೇ ಇತ್ತು. ಗುನಿಲ್ಲಾಗೆ ಆ ದಿನ ಎದ್ದು ಬರುವ ಕೆಲಸವೇ ಬೀಳಲಿಲ್ಲ. ಸಹನಾ ನನ್ನನ್ನೇ ನೋಡುತ್ತಿದ್ದಳು. ಅರ್ಧ ಗಂಟೆಗೆ ಜಾಕೆಟ್ ಹಾಕಿಕೊಂಡಳು. ಅದರ ಮುಂದಿನ ವಾರ ಬರಲಿಲ್ಲ. ಮತ್ತಿನ ವಾರವೂ ಬರಲಿಲ್ಲ.

ಕಮ್ಯೂನ್‌ನ ಹೆಂಗಸು ಫೋನು ಮಾಡಿ, ಐದನೆಯವಳು ಬರುತ್ತಿಲ್ಲವಂತಲ್ಲ, ಹೀಗೇ ಆದರೆ ಕಷ್ಟ ಎಂದು ತುಂಬ ಮೆತ್ತಗೆ ಹೇಳಿದಳು. ಇಲ್ಲಿ ಕೆಟ್ಟ ಸುದ್ದಿಯನ್ನು ಹೀಗೆ ಹತ್ತಿಯಲ್ಲಿ ಸುತ್ತಿಯೇ ಕೊಡುತ್ತಾರೆ.

ಆಮೇಲೆ ವೀಣಾ ಬಾಗಿಲು ತಟ್ಟಿದರು. ಕೂರಿ ಎಂದರೆ ಕೂರಲಿಲ್ಲ.

"ಹೋಗಲ್ಲ ಅಂತಾಳೆ. ಯಾಕೆ ಅಂದ್ರೆ, ಸುಮಂಗಲಾನೂ ಈಗ ನಿನ್ ಥರಾನೇ ಮಾತಾಡ್ತಾಳೆ ಅಂದ್ಲು." ಚಪ್ಪಲಿ ಸ್ಟ್ಯಾಂಡಿನಲ್ಲಿ ಓರೆಯಾಗಿದ್ದ ಒಂದು ಜೋಡಿಯನ್ನು ನೆಟ್ಟಗೆ ಮಾಡಿದರು. "ನನ್ ಥರ ಅಂದ್ರೆ ಏನು ಸುಮಂಗಲಾ?"

ನಾನು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೇ ಎಳೆದು ತಂದೆ. ಆಗಲೂ ಅವರು ಕೂರಲಿಲ್ಲ.

"ಶನಿವಾರ ಇವರು ಊರಲ್ಲಿಲ್ಲ. ಅವಳು ಲಾಯದಲ್ಲಿರ್ತಾಳೆ. ನಾನೊಬ್ಬಳೇ ಹೋದ್ರೆ ಜಗಳ ಆಗುತ್ತೆ. ನೀವೂ ಬರ್ತೀರಾ? ನಿಮಗೆ ಕುದುರೆ ಚೆನ್ನಾಗಿ ಗೊತ್ತಂತಲ್ಲ."

ನನ್ನ ಖ್ಯಾತಿ ನನಗಿಂತ ಮುಂದೆ ಓಡಿತ್ತು. ಬರುತ್ತೇನೆ ಎಂದೆ.

ಶನಿವಾರ ಇಬ್ಬರೂ ಬಸ್ಸು ಹಿಡಿದು ಹೊರಟೆವು. ವೀಣಾ ಬಿಳಿ ಬೂಟು ಹಾಕಿಕೊಂಡಿದ್ದರು. ಮಗಳು ಆರು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದರೂ ಅವರು ಒಮ್ಮೆಯೂ ಹೋಗಿರಲಿಲ್ಲ. ಬಿಟ್ಟು ಬರುವುದು, ಕರೆತರುವುದು ಎಲ್ಲ ಗಂಡನದು. "ನನಗೆ ಬೆಕ್ಕು ಕಂಡ್ರೂ ಭಯ," ಎಂದು ಬಸ್ಸಿನಲ್ಲಿ ಹೇಳಿದರು. ಇಳಿದ ಕೂಡಲೇ ಕೆಸರು. ಹಿಮ ಕರಗಿದ ನೆಲ, ಒದ್ದೆ ಹುಲ್ಲು, ಲದ್ದಿ ಎಲ್ಲ ಸೇರಿದ ವಾಸನೆ. ನಾನು ದೀರ್ಘವಾಗಿ ಉಸಿರೆಳೆದುಕೊಂಡೆ, ವೀಣಾ ಕರ್ಚೀಫು ತೆಗೆದರು.

ಅಂಗಳದಲ್ಲಿ ಸಹನಾ ಒಂದು ಕಂದು ಕುದುರೆಯ ತಲೆ ಹಿಡಿದು ನಿಂತಿದ್ದಳು. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೂದಲಲ್ಲಿ ಹುಲ್ಲಿನ ಎಸಳು. ನಮ್ಮನ್ನು ಕಂಡು ಅವಳ ಮುಖ ಗಂಟಿಕ್ಕಿತು. ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು "ಹಿಡ್ಕೊ. ನಾನು ಬ್ರಶ್ ತರ್ತೀನಿ" ಎಂದು ಹೋದಳು.

ಇಲ್ಲಿ ನನ್ನ ಕುದುರೆ ಜ್ಞಾನದ ಒಂದು ಕೊರತೆಯನ್ನು ಹೇಳಲೇಬೇಕು. ಟಾಂಗಾದ ಹಿಂದಿನ ಸೀಟಿನಲ್ಲಿ ಕೂತವರಿಗೆ ಕುದುರೆಯ ಮುಖ ಕಾಣುವುದಿಲ್ಲ. ಈ ಕುದುರೆಗೆ ಮುಖ ಇತ್ತು. ಸೂಟ್‌ಕೇಸಿನಷ್ಟು ಉದ್ದ ಇತ್ತು. ಅದು ಆ ಮುಖವನ್ನು ತಂದು ನನ್ನ ಮುಖದ ಎದುರಿಗೆ ಹಿಡಿದು, ತುಟಿ ಮೇಲೆತ್ತಿ, ನನ್ನ ಮಫ್ಲರಿನ ರುಚಿ ನೋಡಿತು.

"ಅಯ್ಯ ಶಿವನ! ಏ ಸಹನಾ! ಬಾರವ್ವ ಇಲ್ಲೆ! ನನ್ನ ತಿನ್ನಾಕತ್ತೈತಿ ಇದು!" ಎಂದು ಕೂಗಿ ಹಿಂದಕ್ಕೆ ಸರಿದವಳು ಲದ್ದಿಯ ಕೈಗಾಡಿಯ ಮೇಲೆ ಕೂತುಬಿಟ್ಟೆ.

ಸಹನಾ ಓಡಿ ಬಂದಳು. ಕುದುರೆಯ ಬಾಯಿಂದ ಮಫ್ಲರ್ ಬಿಡಿಸಿದಳು. ಆಮೇಲೆ ಅವಳಿಗೆ ನಗು ತಡೆಯಲು ಆಗಲಿಲ್ಲ. ಕುದುರೆಯ ಕುತ್ತಿಗೆಗೆ ಮುಖ ಒತ್ತಿಕೊಂಡು ನಕ್ಕಳು. ನಕ್ಕು ಮುಗಿಸಿ ಸ್ವೀಡಿಷ್‌ನಲ್ಲಿ "ಈಗ ನೀನು ಸರಿಯಾಗಿ ಮಾತಾಡಿದೆ" ಎಂದಳು.

"ಇದರ ಹೆಸರೇನು?" ಎಂದು ನಾನು ಸೀರೆ ಅಲ್ಲದಿದ್ದರೂ ಸೀರೆ ಕೊಡವುವವಳ ಹಾಗೆ ಪ್ಯಾಂಟು ಕೊಡವುತ್ತ ಕೇಳಿದೆ.

"ಮುಲ್ಲೆ."

"ಮೊಲ್ಲೆ? ನಮ್ಮ ಕಡೆ ಮೊಲ್ಲೆ ಅಂದರ ಮಲ್ಲಿಗಿ ಹೂವು."

ಅವಳು ಕುದುರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ "ಇವನು ಹೂವಿನ ಥರಾ ಇಲ್ಲ" ಎಂದಳು. ಅದೂ ನಿಜವೇ.

ಅಷ್ಟರಲ್ಲಿ ಚರ್ಮದ ಏಪ್ರನ್ ಕಟ್ಟಿದ ಯುವಕನೊಬ್ಬ ವ್ಯಾನಿನಿಂದ ಇಳಿದು, ಮುಲ್ಲೆಯ ಹಿಂದಿನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ. ಕೆಂಪಗೆ ಕಾದ ಕಬ್ಬಿಣವನ್ನು ಗೊರಸಿಗೆ ಒತ್ತಿದ. ಚುರ್ ಎಂದು ಹೊಗೆ ಎದ್ದಿತು, ಕೂದಲು ಸುಟ್ಟ ವಾಸನೆ ಬಂತು. ಬೇಲಿಯ ಹೊರಗೆ ನಿಂತಿದ್ದ ವೀಣಾ "ಅಯ್ಯಯ್ಯೋ, ಸುಡ್ತಿದಾನೆ! ಪಾಪ, ಅದಕ್ಕೆ ನೋಯಲ್ವಾ?" ಎಂದು ನನ್ನನ್ನು ಕೇಳಿದರು.

ನನಗೇನು ಗೊತ್ತು? ನಮ್ಮ ನಾಲಬಂದ ಬೇವಿನ ಮರದ ಕೆಳಗೆ ಬೆಂಕಿ ಹಚ್ಚುತ್ತಿರಲಿಲ್ಲ. ಉತ್ತರ ಸಹನಾಳಿಂದ ಬಂತು.

"ನೋಯಂಗಿಲ್ಲಮ್ಮ. ಗೊರಸು ಅಂದ್ರೆ ಉಗುರು. ಉಗುರು ಕಟ್ ಮಾಡಿದ್ರೆ ನೋಯುತ್ತಾ ನಿಂಗೆ?"

"ಮೊಳೆ ಹೊಡೀತಾನಲ್ಲೇ!"

"ಮೊಳೆ ಹೊರಗಡೆ ಸೈಡಿಗೆ ಹೋಗುತ್ತೆ. ಒಳಗೆ ಹೋದ್ರೆ ಕುಂಟುತ್ತೆ. ಇವನು ಒಳ್ಳೇ ನಾಲಬಂದ."

ವೀಣಾ ಬಾಯಿ ತೆರೆದರು. ಲಾಳ ಬರುತ್ತದೆ ಅಂತ ನಾನು ಕಾದೆ. "ಎಷ್ಟು ದಿನಕ್ಕೊಂದ್ಸಲ ಹೊಡೀಬೇಕು?" ಎಂದರು.

ಸಹನಾ ಹೇಳಿದಳು. ಅದು ಏನು ತಿನ್ನುತ್ತದೆ ಎಂದು ಕೇಳಿದರು, ಹೇಳಿದಳು. ರಾತ್ರಿ ಮಲಗುತ್ತದೋ ನಿಂತೇ ಇರುತ್ತದೋ ಎಂದರು, ಅದನ್ನೂ ಹೇಳಿದಳು. ಅರ್ಧ ಬೆಂಗಳೂರು, ಕಾಲು ಹುಬ್ಬಳ್ಳಿ, ಉಳಿದದ್ದು ಸ್ವೀಡಿಷ್. ಕುದುರೆಯ ಹಿಂದೆ ಎಂದೂ ನಿಲ್ಲಬಾರದು, ಕಿವಿ ಹಿಂದಕ್ಕೆ ಮಡಿಚಿದರೆ ಸಿಟ್ಟು ಬಂದಿದೆ ಎಂದು ಅರ್ಥ, ಮೂಗಿನ ಮೇಲೆ ಮುಟ್ಟಬಹುದು. "ಬಾ, ಮುಟ್ಟು," ಎಂದಳು. ವೀಣಾ ಬೇಲಿಯ ಮೇಲಿಂದ ಒಂದು ಬೆರಳು ಚಾಚಿದರು. ಮುಲ್ಲೆ ಅದರ ಮೇಲೆ ಉಸಿರು ಬಿಟ್ಟಿತು. ಅವರು "ಅಮ್ಮಾ!" ಎಂದು ಕೈ ಹಿಂದಕ್ಕೆ ಎಳೆದುಕೊಂಡರು.

"ಅಂಜಬ್ಯಾಡಮ್ಮ," ಎಂದಳು ಮಗಳು.

ವಾಪಸು ಬಸ್ಸಿನಲ್ಲಿ ವೀಣಾ ಕರ್ಚೀಫಿನಿಂದ ಬೂಟು ಒರೆಸಲು ನೋಡಿ ಅರ್ಧಕ್ಕೇ ಬಿಟ್ಟರು. ನನ್ನಿಂದ ಲದ್ದಿಯ ವಾಸನೆ ಬರುತ್ತಿದ್ದುದರಿಂದ ನಾನು ಒಂದು ಸೀಟು ಬಿಟ್ಟು ಕೂತೆ.

ಗುರುವಾರ ಸಹನಾ ಕ್ಲಾಸಿಗೆ ಬಂದಳು. ನಾನು ಪುಸ್ತಕವನ್ನೂ ಇಟ್ಟುಕೊಂಡೆ, ಕಿಟಕಿಗಳನ್ನೂ ತೆರೆದೆ. ಲಾಳ, ನಾಲ ಎರಡನ್ನೂ ಬರೆಸಿದೆ. ಅಜ್ಜಿಯ ಜೊತೆ ಯಾವುದು, ಸುಮಂಗಲಾಳ ಜೊತೆ ಯಾವುದು ಅಂತ ಮಕ್ಕಳು ಒಂದೇ ದಿನದಲ್ಲಿ ಕಲಿತರು. ಕನ್‌ಫ್ಯೂಸ್ ಆದದ್ದು ಯಾರಿಗೂ ಕಾಣಲಿಲ್ಲ.

ಇದಾದ ಮೇಲೆ ಕ್ಲಾಸು ಬಹಳ ವರ್ಷ ನಡೆಯಿತು ಅಂತ ಹೇಳುವ ಆಸೆ ನನಗಿದೆ. ನಡೆಯಲಿಲ್ಲ. ಆ ಬೇಸಿಗೆಯಲ್ಲಿ ನಿಖಿಲ್‌ನ ಅಮ್ಮನಿಗೆ ದೂರದ ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸ ಸಿಕ್ಕಿ ಅವರ ಮನೆಯವರೆಲ್ಲ ಅಲ್ಲಿಗೆ ಹೋದರು. ಐದು ನಾಲ್ಕಾಯಿತು. ಕಮ್ಯೂನ್‌ನ ಹೆಂಗಸು ಮತ್ತೆ ಮೆತ್ತಗೆ ಫೋನು ಮಾಡಿದಳು. ಗುನಿಲ್ಲಾ ನನಗೊಂದು ಫಿಕಾ ಕೊಡಿಸಿದಳು. ಕಾಫಿ, ದಾಲ್ಚಿನ್ನಿ ಬನ್ನು, ಮತ್ತು ಲೈಬ್ರರಿ ಈಗ ತೀರಾ ನಿಶ್ಶಬ್ದವಾಗಿದೆ ಎಂಬ ದೂರು. ನಾನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದು ಕೂತೆ. ಏನು ನೋಡಬೇಕೆಂದು ತಿಳಿಯದೆ ಎರಡರಲ್ಲೂ ಒಂದೇ ಪುಟ ತೆರೆದದ್ದು ನೆನಪಿದೆ.

ಅದೇ ವಾರ ವೀಣಾರ ಫೋನು ಬಂತು.

"ಕ್ಲಾಸ್ ನಿಂತೋಯ್ತಂತೆ."

"ಹೌದ್ರಿ."

"ಸಹನಾ ಹೇಗೂ ಲಾಯಕ್ಕೆ ಹೋಗ್ತಾಳೆ. ಅವಳಿಗೇನೂ ಬೇಡ ಈಗ." ಆ ಕಡೆ ಪಾತ್ರೆ ತೊಳೆಯುವ ಮೆಷೀನು ನಿಲ್ಲಿಸಿದ ಸದ್ದು ಕೇಳಿಸಿತು. "ನನಗೆ ಹೇಳಿಕೊಡ್ತೀರಾ?"

"ಏನು? ಕನ್ನಡಾನ?"

"ಕುದುರೆದು. ನೀವಿಬ್ಬರೂ ಮಾತಾಡ್ತೀರಲ್ಲ, ಅದು. ಸ್ಕೂಲು, ಫ್ರೆಂಡ್ಸು ಏನು ಕೇಳಿದ್ರೂ ಒಂದು ಪದ ಹೇಳಿ ರೂಮಿಗೆ ಹೋಗ್ತಾಳೆ. ಕುದುರೆ ವಿಷಯ ಕೇಳಿದ್ರೆ ಮಾತ್ರ ನಿಂತು ಮಾತಾಡ್ತಾಳೆ. ನನ್ನ ಹತ್ರ ಕೇಳಕ್ಕೆ ಪ್ರಶ್ನೆಗಳೆಲ್ಲ ಮುಗಿದೋಗಿವೆ ಸುಮಂಗಲಾ."

ಯಾವ ದಿನ ಅನುಕೂಲ ಎಂದು ಕೇಳಿದೆ. ಶನಿವಾರ ಅಂದರು. ರಬ್ಬರ್ ಬೂಟು ಕೊಂಡುಕೊಳ್ಳಿ ಎಂದು ಹೇಳಿದೆ. ಕೊಂಡಿದ್ದಾಗಿದೆ ಎಂದರು.

ಮೊದಲ ಪಾಠವನ್ನು ಅವರು ಬೇಲಿಯ ಹೊರಗೆ ನಿಂತೇ ಕಲಿತರು. ನಾನೂ ಅಲ್ಲೇ ನಿಂತು ಕಲಿಸಿದೆ.